ಓದುಗರ ಪ್ರಶ್ನೆ: ಸಿಡಿ ಪ್ಲೇಯರ್, ಡ್ಯಾಕ್, ಸ್ಟ್ರೀಮರಿಗೆ ಯಾವ ಪವರ್ ಕಾರ್ಡ್?

ಈ ಸಲ ಕಾಸರಗೋಡು, ಹೊಸೂರು, ಜತ್ತ, ಆದೋನಿ ಕಡೆಯಿಂದ ಬಂದ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಮನೆಯ ಆಡಿಯೊ ಸಿಸ್ಟಮಿನ ಡಿಜಿಟಲ್ ಪೆಟ್ಟಿಗೆಗಳಿಗೆ ಕರೆಂಟು ಕೊಡುವ ಕೇಬಲ್. ಡಿಜಿಟಲ್ ಪೆಟ್ಟಿಗೆ ಎಂದರೆ ಸಿಡಿ ಪ್ಲೇಯರ್, ನೆಟ್‌ವರ್ಕಿನಿಂದ ಹಾಡು ತಂದು ನುಡಿಸುವ ಸ್ಟ್ರೀಮರ್, ಮತ್ತು ಡಿಜಿಟಲ್ ಸಂಕೇತವನ್ನು ಧ್ವನಿಯ ಸಂಕೇತವಾಗಿ ಬದಲಿಸುವ ಡ್ಯಾಕ್.

ಹೊಸ ಡ್ಯಾಕ್ ತಂದಿದ್ದೇನೆ. ಜೊತೆಗೆ ಬಂದ ಕಾರ್ಡ್ ತೆಳ್ಳಗಿದೆ, ಅದನ್ನು ಬದಿಗಿಟ್ಟು 2.5 ಸ್ಕ್ವೇರ್ ಎಂಎಂನ ಆಕ್ಸಿಜನ್-ಫ್ರೀ ತಾಮ್ರದ ಕಾರ್ಡ್ ಹಾಕಿ ಎನ್ನುತ್ತಾರೆ ಅಂಗಡಿಯವರು. ಬೆಲೆ ಡ್ಯಾಕಿನ ಅರ್ಧದಷ್ಟು ಉಂಟು. ಹಾಕಬಹುದಾ?
— ಓದುಗರು, ಕುಂಬಳೆ

ಹಾಕಬೇಡಿ. ಆ ದುಡ್ಡನ್ನು ಸ್ಪೀಕರಿಗೋ ಅರ್ತಿಂಗಿಗೋ ಇಟ್ಟುಕೊಳ್ಳಿ. ಕಾರಣ ಲೆಕ್ಕದಲ್ಲೇ ಇದೆ.

ಮನೆಯಲ್ಲಿ ಬಳಸುವ ಡ್ಯಾಕ್ ಹೆಚ್ಚೆಂದರೆ 20 ವ್ಯಾಟ್ ತಿನ್ನುತ್ತದೆ. 230 ವೋಲ್ಟಿನಲ್ಲಿ ಅದು 0.087 ಆಂಪಿಯರ್, ಪವರ್ ಫ್ಯಾಕ್ಟರ್ ಕೆಟ್ಟದಾಗಿದ್ದು ಕರೆಂಟು ಹೆಚ್ಚು ಎಳೆದರೂ 0.15 ಆಂಪಿಯರ್ ಎಂದಿಟ್ಟುಕೊಳ್ಳಿ. 0.75 ಸ್ಕ್ವೇರ್ ಎಂಎಂ ಎಳೆತಂತಿಯ ರೋಧ ಮೀಟರಿಗೆ 0.026 ಓಮ್. ಒಂದೂವರೆ ಮೀಟರ್ ಕಾರ್ಡಿನಲ್ಲಿ ಹೋಗಿ ಬರುವ ದಾರಿ ಸೇರಿ 3 ಮೀಟರ್, ಒಟ್ಟು 0.078 ಓಮ್. ಇದರಲ್ಲಿ ಬೀಳುವ ವೋಲ್ಟೇಜ್ 12 ಮಿಲಿವೋಲ್ಟ್. ಅಂಗಡಿಯವರು ಹೇಳುವ 2.5ರ ಕಾರ್ಡಿನಲ್ಲಿ ಇದು ಸುಮಾರು 4 ಮಿಲಿವೋಲ್ಟ್ ಆಗುತ್ತದೆ. ಅಂದರೆ 230 ವೋಲ್ಟಿನಲ್ಲಿ ನಿಮಗೆ ಉಳಿತಾಯವಾಗುವುದು 8 ಮಿಲಿವೋಲ್ಟ್. ಪಕ್ಕದ ಮನೆಯವರು ನೀರಿನ ಪಂಪ್ ಹಾಕಿದಾಗ ನಿಮ್ಮ ಸಾಕೆಟ್ಟಿನಲ್ಲಿ ಇಳಿಯುವುದು ವೋಲ್ಟುಗಳ ಲೆಕ್ಕದಲ್ಲಿ.

ಇನ್ನು ಗೋಡೆಯೊಳಗಿನ ವೈರಿಂಗ್ ನೋಡಿ. ಮೀಟರ್ ಬೋರ್ಡಿನಿಂದ ಚಾವಡಿಯ ಸಾಕೆಟ್ಟಿಗೆ 15 ಮೀಟರ್ ದೂರ, 1.5 ಸ್ಕ್ವೇರ್ ಎಂಎಂ ವೈರ್ ಎಂದುಕೊಂಡರೆ ಹೋಗಿ ಬರುವ ರೋಧ 0.36 ಓಮ್. ನಿಮ್ಮ 'ತೆಳ್ಳಗಿನ' ಕಾರ್ಡಿನ ನಾಲ್ಕೂವರೆ ಪಟ್ಟು! ಅದರಾಚೆ ಕಂಬದಿಂದ ಕಂಬಕ್ಕೆ ಅಲ್ಯೂಮಿನಿಯಂ ಲೈನ್. ಕೊನೆಯ ಒಂದೂವರೆ ಮೀಟರಿನ ತಾಮ್ರ ಎಷ್ಟು ಶುದ್ಧ ಎಂಬುದು ಡ್ಯಾಕಿಗೆ ತಿಳಿಯುವ ದಾರಿಯೇ ಇಲ್ಲ. ಆಕ್ಸಿಜನ್-ಫ್ರೀ ತಾಮ್ರಕ್ಕೂ ಮಾಮೂಲಿ ವಿದ್ಯುತ್ ದರ್ಜೆಯ ತಾಮ್ರಕ್ಕೂ ವಾಹಕತೆಯಲ್ಲಿ ಇರುವ ಅಂತರ ನೂರಕ್ಕೆ ಒಂದರಷ್ಟು.

ಹಾಗೆಂದು ಕೈಗೆ ಸಿಕ್ಕಿದ ಕಾರ್ಡ್ ಹಾಕಬಾರದು. ನೋಡಬೇಕಾದ್ದು ಬೇರೆ. ಮೂರು ಎಳೆಯದ್ದಿರಲಿ, 0.75 ಅಥವಾ 1.0 ಸ್ಕ್ವೇರ್ ಎಂಎಂ ಇರಲಿ, ಮೇಲ್ಮೈಯಲ್ಲಿ ಐಎಸ್ 694 ಎಂದೂ ಪ್ಲಗ್ ಮೇಲೆ ಐಎಸ್ 1293 ಎಂದೂ ಐಎಸ್‌ಐ ಗುರುತಿನೊಂದಿಗೆ ಅಚ್ಚಾಗಿರಲಿ. ಅಗ್ಗದ ಕೆಲವು ಕಾರ್ಡುಗಳಲ್ಲಿ ಮೂರನೆಯ ಪಿನ್ ಬರಿ ತೋರಿಕೆಗೆ ಇರುತ್ತದೆ, ಒಳಗೆ ಎರಡೇ ಎಳೆ. ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಪ್ಲಗ್ಗಿನ ದಪ್ಪ ಪಿನ್ನಿಗೂ ಇನ್ನೊಂದು ತುದಿಯ ನಡುವಿನ ತೂತಿಗೂ ಹಿಡಿಯಿರಿ. ಅರ್ಧ ಓಮ್ ಒಳಗೆ ತೋರಿಸಬೇಕು. ಅದರಲ್ಲೂ ಹೆಚ್ಚಿನದು ಮೀಟರಿನ ವೈರಿನದ್ದೇ. ಏನೂ ತೋರಿಸದಿದ್ದರೆ ಆ ಕಾರ್ಡನ್ನು ಯಾವ ಉಪಕರಣಕ್ಕೂ ಬಳಸಬೇಡಿ. ಇನ್ನೊಂದು ಮೋಸ, ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ಎಳೆ. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ದಪ್ಪ ಕಾರ್ಡಿನಿಂದ ತೊಂದರೆಯೂ ಉಂಟು. ಅರ್ಧ ಕಿಲೋ ತೂಗುವ ಡ್ಯಾಕಿಗೆ ಹಾವಿನಂತೆ ಬಿಗಿಯಾದ ಕೇಬಲ್ ಚುಚ್ಚಿದರೆ ಅದು ಪೆಟ್ಟಿಗೆಯನ್ನೇ ಎತ್ತುತ್ತದೆ, ಇಲ್ಲವೇ ತನ್ನ ಭಾರಕ್ಕೆ ಕೆಳಗೆ ಜಗ್ಗಿ ಹಿಂದಿನ ಸಾಕೆಟ್ಟನ್ನು ಸಡಿಲ ಮಾಡುತ್ತದೆ. ಸಡಿಲ ಸಂಪರ್ಕದಲ್ಲಿ ಕಿಡಿ ಹಾರುವಾಗ ಸ್ಪೀಕರಿನಲ್ಲಿ ಟಿಕ್ ಟಿಕ್ ಕೇಳಿಸುತ್ತದೆ. ಮೆತ್ತಗಿನ, ಹಗುರವಾದ, ಬಿಗಿಯಾಗಿ ಕೂರುವ ಕಾರ್ಡೇ ಡಿಜಿಟಲ್ ಪೆಟ್ಟಿಗೆಗೆ ಒಳ್ಳೆಯ ಕಾರ್ಡ್.

ಸಿಡಿ ಪ್ಲೇಯರಿನ ಲೋಹದ ಮೈಗೆ ಕೈ ತಾಗಿದರೆ ಜುಂ ಅನ್ನುತ್ತದೆ. ಟೆಸ್ಟರ್ ಮುಟ್ಟಿಸಿದರೆ ಮಂದವಾಗಿ ಉರಿಯುತ್ತದೆ. ಕಾರ್ಡ್ ಬದಲಿಸಿದರೂ ಹಾಗೆಯೇ. ಹಳೆಯ ಮನೆ, ಮುರಕಲ್ಲಿನ ಗುಡ್ಡದ ಮೇಲೆ ಉಂಟು.
— ಓದುಗರು, ಬದಿಯಡ್ಕ

ಇದು ಕಾರ್ಡಿನ ತಪ್ಪಾಗಿರುವ ಸಂಭವ ಕಡಿಮೆ, ಅರ್ತಿನ ತಪ್ಪಾಗಿರುವ ಸಂಭವ ಹೆಚ್ಚು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಡಿಜಿಟಲ್ ಪೆಟ್ಟಿಗೆಗಳ ಪವರ್ ಸಪ್ಲೈಯಲ್ಲಿ ಸದ್ದು ತಡೆಯಲೆಂದು ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲಿನಿಂದ ಮೈಗೆ. ಅರ್ತ್ ಸರಿಯಿದ್ದರೆ ಇವುಗಳ ಮೂಲಕ ಸೋರುವ ಅತಿ ಸಣ್ಣ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಮೈ ಎರಡರ ನಡುವೆ, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತದೆ. ಕೈಗೆ ಜುಂ ಅನ್ನುವುದು ಅದೇ. ಕರೆಂಟು ಸಣ್ಣದಾದ್ದರಿಂದ ಸದ್ಯಕ್ಕೆ ಬರಿ ಜುಮುಗುಟ್ಟುವಿಕೆ. ಆದರೆ ನಾಳೆ ಒಳಗೆ ಫೇಸ್ ವೈರ್ ಮೈಗೆ ತಾಗಿದರೆ ಇದೇ ಪೆಟ್ಟಿಗೆ ಕೊಲ್ಲಬಹುದು.

ಮೊದಲು ಸಾಕೆಟ್ಟಿನಲ್ಲಿ ಮೂರು ಅಳತೆ ಮಾಡಿಸಿ. ಫೇಸ್-ನ್ಯೂಟ್ರಲ್ 230ರ ಹತ್ತಿರ, ಫೇಸ್-ಅರ್ತ್ ಕೂಡ ಅಷ್ಟೇ, ನ್ಯೂಟ್ರಲ್-ಅರ್ತ್ 2-3 ವೋಲ್ಟಿನ ಒಳಗೆ ಇರಬೇಕು. ಫೇಸ್-ಅರ್ತ್ 150ಕ್ಕೋ 100ಕ್ಕೋ ಓಲಾಡಿದರೆ ಅರ್ತ್ ಕಡಿದಿದೆ. ಒಂದು ಎಚ್ಚರಿಕೆ: ಡಿಜಿಟಲ್ ಮೀಟರ್ ಅತಿ ಕಡಿಮೆ ಕರೆಂಟು ಎಳೆಯುವುದರಿಂದ ದುರ್ಬಲ ಅರ್ತಿನಲ್ಲೂ ಪೂರ್ತಿ 230 ತೋರಿಸಬಹುದು. ಫೇಸಿಗೂ ಅರ್ತಿಗೂ ಬಲ್ಬ್ ಕಟ್ಟಿ ನೋಡುವ ಹಳೆಯ ಪದ್ಧತಿಯನ್ನು ನೀವಾಗಿ ಮಾಡಬೇಡಿ. ಅರ್ತ್ ಕೆಟ್ಟಿದ್ದರೆ ಆ ಹೊತ್ತಿಗೆ ಮನೆಯ ಫ್ರಿಜ್, ಗ್ರೈಂಡರ್ ಎಲ್ಲದರ ಮೈಗೂ ಕರೆಂಟು ಹರಿಯುತ್ತದೆ. ಅರ್ತ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್‌ನ್ನು ಕರೆಯಿರಿ.

ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಹೀರಿ ಚೆನ್ನಾಗಿ ಕರೆಂಟು ಒಯ್ಯುತ್ತದೆ, ಸುಗ್ಗಿ-ಬೇಸಗೆಯಲ್ಲಿ ಒಣಗಿ ಹಿಂದೆ ಸರಿಯುತ್ತದೆ. ಆದ್ದರಿಂದ ಪರೀಕ್ಷೆಯನ್ನು ಏಪ್ರಿಲಿನಲ್ಲಿ ಮಾಡಿಸಿ. ಜುಲೈಯಲ್ಲಿ ಒಳ್ಳೆಯದಾಗಿ ಬಂದ ಅಳತೆಯನ್ನು ನಂಬಬೇಡಿ. ಅರ್ತ್ ಗುಂಡಿ ಹೊಸದಾಗಿ ಮಾಡಿಸುವುದಿದ್ದರೆ ಬಚ್ಚಲ ನೀರು ಹರಿಯುವ ಕಡೆ, ತೋಟದ ತಂಪು ಇರುವ ಕಡೆ ಜಾಗ ನೋಡಿ. ಎರಡೂವರೆ ಮೀಟರ್ ಜಿಐ ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪು, ಮೇಲೆ ನೀರು ಹಾಕಲು ಕೊಳವೆ. ಪೈಪಿಗೆ ವೈರ್ ಸೇರುವ ಬೋಲ್ಟು ಕಣ್ಣಿಗೆ ಕಾಣುವಂತಿರಲಿ. ಕಡಲ ಗಾಳಿಯ ಊರುಗಳಲ್ಲಿ ಮೊದಲು ತುಕ್ಕು ಹಿಡಿಯುವುದು ಅದೇ ಬೋಲ್ಟು.

'ಒಳಗೆ ಫಿಲ್ಟರ್ ಇದೆ' ಎಂದು ಮಾರುವ ದುಬಾರಿ ಕಾರ್ಡು, ಬೋರ್ಡುಗಳ ಬಗ್ಗೆಯೂ ಇಲ್ಲೇ ಹೇಳಬೇಕು. ಅವು ಸದ್ದನ್ನು ಕಳಿಸುವುದು ಅರ್ತಿಗೆ. ಅರ್ತ್ ಇಲ್ಲದ ಮನೆಯಲ್ಲಿ ಅದೇ ಸದ್ದು ಡ್ಯಾಕಿನ ಮೈಗೆ, ಅಲ್ಲಿಂದ ಸಿಗ್ನಲ್ ಕೇಬಲಿಗೆ ಏರುತ್ತದೆ. ಅರ್ತಿಂಗ್ ಸರಿಯಾಗುವವರೆಗೆ ಅವನ್ನು ಕೊಳ್ಳುವುದು ದುಡ್ಡು ಕೊಟ್ಟು ತೊಂದರೆ ತಂದಂತೆ.

ದುಬೈಯಿಂದ ಅಣ್ಣ ಸಿಡಿ ಪ್ಲೇಯರ್, ಸ್ಟ್ರೀಮರ್ ತಂದಿದ್ದಾರೆ. ಚೌಕ ಪಿನ್ನಿನ ಪ್ಲಗ್. ಅಡಾಪ್ಟರ್ ಹಾಕಿ ನಡೆಸುತ್ತಿದ್ದೇವೆ. ಸಾಕಾಗದಾ?
— ಓದುಗರು, ಉಪ್ಪಳ

ಸಾಕಾಗದು. ಎಲ್ಲ ದೇಶದ ಪಿನ್ನಿಗೂ ಹೊಂದುವ ಅಡಾಪ್ಟರುಗಳಲ್ಲಿ ಹಲವಕ್ಕೆ ಅರ್ತ್ ಸಂಪರ್ಕವೇ ಇರುವುದಿಲ್ಲ, ಇದ್ದರೂ ತೆಳುವಾದ ತಗಡು ಬೇಗ ಸಡಿಲಾಗುತ್ತದೆ. ಪ್ಲೇಯರಿನ ಹಿಂದಿನ ಸಾಕೆಟ್ ನೋಡಿ. ಮೂರು ಚಪ್ಪಟೆ ಪಿನ್ ಇದ್ದರೆ ಅದು ಸಿ-14, ಅದಕ್ಕೆ ಬೇಕಾದ ಕಾರ್ಡ್ ಸಿ-13, ಕಂಪ್ಯೂಟರ್ ಕಾರ್ಡ್ ಎಂದು ಕೇಳಿದರೆ ಉಪ್ಪಳ ಪೇಟೆಯಲ್ಲೇ ಸಿಗುತ್ತದೆ. ಎಂಟರ ಆಕಾರದ ಎರಡು ಪಿನ್ ಇದ್ದರೆ ಸಿ-8, ಅದಕ್ಕೆ ಬೇಕಾದ ಕಾರ್ಡ್ ಸಿ-7. ಅದು ಅರ್ತ್ ಬೇಡದ, ಇಮ್ಮಡಿ ಇನ್ಸುಲೇಶನ್ ಇರುವ ಉಪಕರಣ (ಮೈಮೇಲೆ ಚೌಕದೊಳಗೆ ಚೌಕದ ಗುರುತು ಇರುತ್ತದೆ). ಎರಡಕ್ಕೂ ನಮ್ಮ ಪಿನ್ನಿನ ಕಾರ್ಡೇ ತನ್ನಿ.

ಚೌಕ ಪಿನ್ನಿನ ಪ್ಲಗ್ಗಿನೊಳಗೆ 3, 5 ಅಥವಾ 13 ಆಂಪಿಯರ್ ಫ್ಯೂಸ್ ಇರುತ್ತದೆ. ನಮ್ಮ ಪ್ಲಗ್ಗಿನಲ್ಲಿ ಅದಿಲ್ಲ. ಉಪಕರಣದ ಒಳಗೆ ತನ್ನದೇ ಫ್ಯೂಸ್ ಇರುವುದರಿಂದ ಪರವಾಗಿಲ್ಲ, ಆದರೆ ಆ ಸಾಕೆಟ್ಟಿನ ಎಂಸಿಬಿ 6 ಅಥವಾ 10 ಆಂಪಿಯರಿನದ್ದಾಗಿರಲಿ. ಹಳೆಯ ಪ್ಲಗ್ ಕತ್ತರಿಸಿದರೆ ಅದನ್ನು ಹಾಗೇ ಬಿಡಬೇಡಿ. ಮಕ್ಕಳು ಅದನ್ನು ಅಡಾಪ್ಟರಿಗೆ ಚುಚ್ಚಿದರೆ ಕತ್ತರಿಸಿದ ತುದಿಯಲ್ಲಿ 230 ವೋಲ್ಟ್. ಪಿನ್ನುಗಳನ್ನು ಬಗ್ಗಿಸಿ, ಇನ್ಯಾರೂ ಬಳಸಲಾಗದಂತೆ ಮಾಡಿ ಎಸೆಯಿರಿ.

ಸೌದಿಯಿಂದ ತಂದ ಉಪಕರಣವಾದರೆ ಲೇಬಲನ್ನು ಎರಡು ಸಲ ಓದಿ. ಅಲ್ಲಿ ಆವರ್ತನ 60 ಹರ್ಟ್ಸ್, ಹಿಂದೆ 127 ವೋಲ್ಟೂ ಇತ್ತು. '50/60 ಹರ್ಟ್ಸ್, 100-240 ವೋಲ್ಟ್' ಎಂದಿದ್ದರೆ ನಿಶ್ಚಿಂತೆ. ಬರಿ 60 ಹರ್ಟ್ಸ್ ಎಂದಿದ್ದು ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದರೆ ನಮ್ಮ 50 ಹರ್ಟ್ಸ್‌ನಲ್ಲಿ ಅದರ ಕಬ್ಬಿಣದ ಕೋರ್ ಕಾಂತತೆಯಿಂದ ತುಂಬಿಹೋಗಿ, ಗುಂಯ್ಗುಟ್ಟಿ, ಬಿಸಿಯಾಗುತ್ತದೆ.

ಸ್ಟ್ರೀಮರ್ ಎಂದು ರಾಸ್ಪ್‌ಬೆರಿ ಪೈ 4 ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡ್ ಇಟ್ಟುಕೊಂಡೀನಿ. ಹಾಡು ನಡೀತಿರುವಾಗಲೇ ತಾನಾಗಿ ರೀಸ್ಟಾರ್ಟ್ ಆಗ್ತದ, ಟಿವಿಗೆ ಹಚ್ಚಿದರೆ ಮಿಂಚಿನ ಗುರುತು ಬರ್ತದ. ಚಾರ್ಜರ್ 5 ವೋಲ್ಟ್ 3 ಆಂಪಿಯರಿಂದೇ ಅದ. ಛಲೋ ಪವರ್ ಕೇಬಲ್ ಹಾಕಿದರೆ ಸರಿ ಆದೀತೇನ್ರಿ?
— ಓದುಗರು, ಜತ್ತ (ಸಾಂಗ್ಲಿ ಜಿಲ್ಲೆ)

ಆದೀತು. ಕೇಬಲಿನ ದಪ್ಪ ನಿಜವಾಗಿ ಲೆಕ್ಕಕ್ಕೆ ಬರುವ ಜಾಗ ಇದೇ. 230 ವೋಲ್ಟಿನ ಕಡೆ ಮಿಲಿವೋಲ್ಟುಗಳಿಗೆ ಸಾವಿರಾರು ರೂಪಾಯಿ ಸುರಿಯುವವರು 5 ವೋಲ್ಟಿನ ಕಡೆ ಮೊಬೈಲಿನ ಹಳೇ ಕೇಬಲ್ ಹಾಕಿ ಬಿಡುತ್ತಾರೆ.

ಮಿಂಚಿನ ಗುರುತು ಬಂದರೆ ಬೋರ್ಡಿಗೆ ಮುಟ್ಟುವ ವೋಲ್ಟೇಜ್ 4.63ಕ್ಕಿಂತ ಕೆಳಗೆ ಇಳಿದಿದೆ ಎಂದು ಅರ್ಥ. ಯುಎಸ್‌ಬಿ ಕೇಬಲ್ ಕೈಗೆ ತಗೊಂಡು ಬೆಳಕಿಗೆ ಹಿಡಿದು ಮೇಲಿನ ಸಣ್ಣ ಅಕ್ಷರ ಓದಿ. '28ಎಡಬ್ಲ್ಯುಜಿ/1ಪಿ 24ಎಡಬ್ಲ್ಯುಜಿ/2ಸಿ' ಎಂಬಂಥ ಬರಹ ಇರುತ್ತದೆ. ಮೊದಲಿನದು ಡೇಟಾ ಜೋಡಿ, ಎರಡನೆಯದು ಪವರ್ ಎಳೆಗಳು. ಈ ಅಂಕಿ ಹೆಚ್ಚಾದಷ್ಟೂ ತಂತಿ ಸಣ್ಣದು. ಪವರ್ ಎಳೆಯೂ 28 ಇದ್ದರೆ ಮೀಟರಿಗೆ 0.21 ಓಮ್. ಎರಡು ಮೀಟರ್ ಕೇಬಲಿನಲ್ಲಿ ಹೋಗಿ ಬರಲು 4 ಮೀಟರ್, 0.85 ಓಮ್. ಪೈ ಜೊತೆಗೆ ಡ್ಯಾಕ್ ಬೋರ್ಡ್ ಸೇರಿ 0.8 ಆಂಪಿಯರ್ ಎಳೆದರೆ ಕೇಬಲಿನಲ್ಲೇ 0.68 ವೋಲ್ಟ್ ಖರ್ಚು. ಚಾರ್ಜರಿನಿಂದ 5.1 ಹೊರಟರೂ ಬೋರ್ಡಿಗೆ 4.42 ಮಾತ್ರ. ಅದೇ 24 ಇದ್ದರೆ ನಷ್ಟ 0.27, ಬೋರ್ಡಿಗೆ 4.83. ಒಂದು ಮೀಟರಿನ 20 ಎಡಬ್ಲ್ಯುಜಿ ಕೇಬಲ್ ಆದರೆ ನಷ್ಟ 0.05 ವೋಲ್ಟ್ ಅಷ್ಟೇ.

ಹೀಗಾಗಿ ಮೊದಲು ಕೇಬಲ್ ಗಿಡ್ಡ ಮಾಡಿ, ಆಮೇಲೆ ದಪ್ಪ ಮಾಡಿ. ಕೇಬಲ್ ಚಾರ್ಜರಿಗೇ ಅಂಟಿಕೊಂಡು ಬರುವ 5.1 ವೋಲ್ಟ್ 3 ಆಂಪಿಯರಿನ ಅಡಾಪ್ಟರ್ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಪೈ 5ಕ್ಕೆ 5 ಆಂಪಿಯರ್ ಬೇಕು. ವೋಲ್ಟೇಜ್ ಕಡಿಮೆಯಾಗಿ ಪದೇ ಪದೇ ರೀಸ್ಟಾರ್ಟ್ ಆದರೆ ಮೆಮೊರಿ ಕಾರ್ಡೂ ಕೆಡುತ್ತದೆ. ಇಷ್ಟು ದಿನ ಹಾಗೇ ನಡೆಸಿದ್ದರೆ ಮೆಮೊರಿ ಕಾರ್ಡಿನ ಒಂದು ನಕಲು ಮಾಡಿಟ್ಟುಕೊಳ್ಳಿ.

ಗುಂಡು ಪಿನ್ನಿನ ಅಡಾಪ್ಟರ್ ಬಳಸುವ ಡ್ಯಾಕ್ ಇದ್ದವರಿಗೂ ಒಂದು ಮಾತು. ಹೊರ ವ್ಯಾಸ 5.5 ಮಿಲಿಮೀಟರ್ ಒಂದೇ ಇದ್ದರೂ ಒಳತೂತು 2.1 ಮತ್ತು 2.5 ಎಂದು ಎರಡು ಬಗೆ. 2.5ರದ್ದನ್ನು 2.1ರ ಪಿನ್ನಿಗೆ ಹಾಕಿದರೆ ಒಳಗೆ ಹೋಗುತ್ತದೆ, ಆದರೆ ಅಲುಗಾಡಿದಾಗೆಲ್ಲ ಹಾಡು ಕಡಿಯುತ್ತದೆ. ನಡುಪಿನ್ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರವನ್ನು ಎರಡೂ ಕಡೆ ಹೋಲಿಸಿ. ಕೆಲವು ಡ್ಯಾಕುಗಳ ಅಡಾಪ್ಟರ್ ಎಸಿಯನ್ನೇ ಹೊರಗೆ ಕೊಡುತ್ತದೆ, ಅದರ ಜಾಗದಲ್ಲಿ ಡಿಸಿ ಅಡಾಪ್ಟರ್ ಹಾಕಬಾರದು.

ಟಿವಿಯ ಸೆಟ್-ಟಾಪ್ ಬಾಕ್ಸ್ ಡ್ಯಾಕಿಗೆ ಸೇರಿಸಿದ ಕೂಡಲೇ ಗುಂಯ್ ಎನ್ನುತ್ತದೆ. ಅರ್ತ್ ಪಿನ್ ಕಿತ್ತ ಕಾರ್ಡ್ ಹಾಕಿದರೆ ನಿಲ್ಲುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು.
— ಓದುಗರು, ಹೊಸೂರು

ನಿಲ್ಲುತ್ತದೆ, ಆದರೆ ಹಾಗೆ ಎಂದೂ ಮಾಡಬೇಡಿ. ಜೀವ ಉಳಿಸುವ ದಾರಿಯನ್ನು ಕಡಿದು ಸದ್ದು ನಿಲ್ಲಿಸುವ ಕೆಲಸ ಅದು.

ನಿಮ್ಮ ಸಿಸ್ಟಮಿಗೆ ಅರ್ತ್ ಎರಡು ದಾರಿಯಿಂದ ಬರುತ್ತಿದೆ. ಒಂದು ಆಂಪ್ಲಿಫೈಯರಿನ ಕಾರ್ಡಿನಿಂದ, ಇನ್ನೊಂದು ಮೇಲ್ಛಾವಣಿಯಿಂದ ಇಳಿಯುವ ಟಿವಿ ಕೇಬಲಿನ ಹೊರಹೆಣಿಗೆಯಿಂದ. ಎರಡು ಅರ್ತುಗಳ ನಡುವೆ ಇರುವ ಸಣ್ಣ ವೋಲ್ಟೇಜ್ ನಿಮ್ಮ ಸಿಗ್ನಲ್ ಕೇಬಲಿನ ಮೂಲಕ ಸುತ್ತು ಹಾಕುತ್ತದೆ. ಟಿವಿ ಕೇಬಲನ್ನು ಬಾಕ್ಸಿನಿಂದ ಬಿಚ್ಚಿ ನೋಡಿ. ಗುಂಯ್ ನಿಂತರೆ ಖಾತ್ರಿ. ಡಿಜಿಟಲ್ ಸಿಗ್ನಲಿನಲ್ಲಿ ಇದಕ್ಕೆ ಸುಲಭದ ಮದ್ದು ಇದೆ: ಬಾಕ್ಸಿನಿಂದಲೋ ಟಿವಿಯಿಂದಲೋ ಡ್ಯಾಕಿಗೆ ಆಪ್ಟಿಕಲ್ ಕೇಬಲ್. ಬೆಳಕಿನಲ್ಲಿ ಹೋಗುವ ಸಿಗ್ನಲಿಗೆ ಅರ್ತ್ ಇಲ್ಲ, ಸುತ್ತೂ ಇಲ್ಲ. 96 ಕಿಲೋಹರ್ಟ್ಸ್‌ವರೆಗೆ ಅದು ಆರಾಮವಾಗಿ ಸಾಗಿಸುತ್ತದೆ, ಟಿವಿಯ ಧ್ವನಿಗೆ 48 ಸಾಕು.

ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಮೂಲಕ ಕೇಳುವಾಗ ಚಾರ್ಜರ್ ಹಾಕಿದರೆ ಮಾತ್ರ ಸದ್ದು ಬರುತ್ತದೆ ಎಂದು ಹೊಸೂರಿನಿಂದಲೇ ಇನ್ನೊಬ್ಬರು ಕೇಳಿದ್ದಾರೆ. ಅದೂ ಇದೇ ಜಾತಿ. ಚಾರ್ಜರ್, ಡ್ಯಾಕ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ, ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಯುಎಸ್‌ಬಿ ಐಸೊಲೇಟರ್ (ತಂತಿಯ ನೇರ ಸಂಪರ್ಕ ಕಡಿದು ಡೇಟಾ ಮಾತ್ರ ದಾಟಿಸುವ ಪೆಟ್ಟಿಗೆ) ಸಿಗುತ್ತದೆ. ಅಗ್ಗದವುಗಳ ವೇಗ 12 ಮೆಗಾಬಿಟ್‌ಗೆ ಸೀಮಿತ, 24 ಬಿಟ್ 96 ಕಿಲೋಹರ್ಟ್ಸ್ ದಾಟಿದ ಫೈಲುಗಳಿಗೆ 480 ಮೆಗಾಬಿಟ್‌ನದ್ದೇ ಬೇಕು.

ಪಂಪ್‌ಸೆಟ್ ಓಡುವ ಹೊತ್ತಿಗೆ ನಮ್ಮಲ್ಲಿ ವೋಲ್ಟೇಜ್ 160ಕ್ಕೆ ಇಳಿಯುತ್ತದೆ. ಆಗ ಹಳೇ ಸಿಡಿ ಪ್ಲೇಯರ್ ಹಮ್ ಮಾಡುತ್ತೆ, ಡಿಸ್ಕ್ ಓದಲ್ಲ. ಒಳ್ಳೇ ಕಾರ್ಡ್ ಹಾಕಿದರೆ?
— ಓದುಗರು, ಆದೋನಿ (ಕರ್ನೂಲು ಜಿಲ್ಲೆ)

ಯಾವ ಕಾರ್ಡೂ ವೋಲ್ಟೇಜ್ ಏರಿಸಲಾರದು. ಹಳೆಯ ಪ್ಲೇಯರಿನೊಳಗೆ ಟ್ರಾನ್ಸ್‌ಫಾರ್ಮರ್, ಡಯೋಡ್, ಆಮೇಲೆ 5 ವೋಲ್ಟಿನ ರೆಗ್ಯುಲೇಟರ್ ಇರುತ್ತದೆ. ಸ್ಥೂಲ ಲೆಕ್ಕ ಹೀಗೆ: 230ರಲ್ಲಿ 9 ವೋಲ್ಟ್ ಎಸಿ ಕೊಡುವ ಟ್ರಾನ್ಸ್‌ಫಾರ್ಮರ್ 160ರಲ್ಲಿ 6.3 ಕೊಡುತ್ತದೆ. ಡಯೋಡ್ ದಾಟಿದ ಮೇಲೆ ಅದರ ಶಿಖರ 7.5, ಏರಿಳಿತ ಕಳೆದರೆ ತಳ ಆರೂವರೆ. ಈ ರೆಗ್ಯುಲೇಟರಿಗೆ (7805 ಎಂಬ ಚಿಪ್) 5 ವೋಲ್ಟ್ ಕೊಡಲು ಒಳಗೆ 7 ಆದರೂ ಬೇಕು. ಅದಕ್ಕಿಂತ ಕೆಳಗಿಳಿದ ಪ್ರತಿ ಕ್ಷಣ 100 ಹರ್ಟ್ಸ್ ಏರಿಳಿತ ನೇರವಾಗಿ ಸರ್ಕ್ಯೂಟಿಗೆ ನುಗ್ಗುತ್ತದೆ. ಅದೇ ನಿಮಗೆ ಕೇಳುವ ಹಮ್. ಲೇಸರ್ ಡಿಸ್ಕ್ ಓದದಿರುವುದಕ್ಕೂ ಕಾರಣ ಅದೇ.

ದಾರಿ ಎರಡು. 140 ವೋಲ್ಟಿನಿಂದ ಕೆಲಸ ಮಾಡುವ 500 ವಿಎ ಸ್ಟೆಬಿಲೈಸರ್ ಈ ಕೆಲಸಕ್ಕೆ ಧಾರಾಳ. ಅದನ್ನು ಪ್ಲೇಯರಿನಿಂದ ಒಂದು ಮೀಟರ್ ದೂರ ಇಡಿ, ರಿಲೇ ಬದಲಾಗುವಾಗ ಟಕ್ ಎಂಬ ಸದ್ದು ಬರುತ್ತದೆ. ಇಲ್ಲವೇ '100-240 ವೋಲ್ಟ್' ಎಂದು ಬರೆದ ಪ್ಲೇಯರ್ ಕೊಳ್ಳಿ. ಅದಕ್ಕೆ 160 ಎಂದರೆ ತೊಂದರೆಯೇ ಅಲ್ಲ. ಎರೆಭೂಮಿಯಲ್ಲಿರುವ ನೀವು ಬೇಸಗೆಯಲ್ಲಿ ಅರ್ತ್ ಗುಂಡಿಯ ಸುತ್ತ ಬಿರುಕು ಬಿಟ್ಟಿದೆಯೇ ನೋಡಿ. ಮಣ್ಣು ಪೈಪಿನಿಂದ ಬಿಟ್ಟುಕೊಂಡರೆ ಎಷ್ಟೇ ಒಳ್ಳೆಯ ಎರೆಯಾದರೂ ಅರ್ತ್ ಸಿಗದು.

ತಂಬೂರಿಯ ಹಿಂದೆ ಏನೋ ಸಣ್ಣ ಸದ್ದು. ಪವರ್ ಕಾರ್ಡು, ಸಿಗ್ನಲ್ ಕೇಬಲ್ ಎಲ್ಲ ಒಟ್ಟಿಗೆ ಕಟ್ಟಿ ಚೊಕ್ಕಟಾಗಿ ಇಟ್ಟೀವಿ. ಶೀಲ್ಡ್ ಇರುವ ಪವರ್ ಕಾರ್ಡ್ ಬೇಕೇನು?
— ಓದುಗರು, ಅಕ್ಕಲಕೋಟ (ಸೊಲ್ಲಾಪುರ ಜಿಲ್ಲೆ)

ಚೊಕ್ಕಟವಾಗಿ ಕಟ್ಟಿದ ಆ ಕಟ್ಟನ್ನೇ ಮೊದಲು ಬಿಚ್ಚಿ. ಪವರ್ ಕಾರ್ಡುಗಳೆಲ್ಲ ಒಂದು ಪಕ್ಕ, ಸಿಗ್ನಲ್ ಕೇಬಲುಗಳು ಇನ್ನೊಂದು ಪಕ್ಕ, ನಡುವೆ ಒಂದು ಗೇಣಾದರೂ ಇರಲಿ. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಲಿ. ಹೆಚ್ಚಾದ ಕಾರ್ಡನ್ನು ಸುರುಳಿ ಸುತ್ತಿ ಡ್ಯಾಕಿನ ಹಿಂದೆ ತುರುಕಬೇಡಿ.

ಸದ್ದು ಯಾವುದೆಂದು ಗುರುತಿಸಿಕೊಳ್ಳುವುದು ಮುಖ್ಯ. 100 ಹರ್ಟ್ಸ್ ಹಮ್ ಹಾರ್ಮೋನಿಯಂನ ಬಿಳಿ ಐದಕ್ಕೂ ಕಪ್ಪು ನಾಲ್ಕಕ್ಕೂ ನಡುವೆ ಬೀಳುತ್ತದೆ, ಯಾವ ಶ್ರುತಿಗೂ ಕೂರದು. ಶ್ರುತಿ ಜ್ಞಾನ ಇದ್ದವರ ಕಿವಿಗೆ ಹಾಡು ನಿಂತ ಕೂಡಲೇ ಸಿಕ್ಕಿಬೀಳುತ್ತದೆ. ತೀಕ್ಷ್ಣವಾದ ಚರಚರ, ಕೀಂ ಎಂಬ ಸದ್ದಾದರೆ ಅದು ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್, ಫ್ಯಾನ್ ರೆಗ್ಯುಲೇಟರಿನಿಂದ ಬಂದದ್ದು. ಸೆಲ್ ಹಾಕಿದ ಪುಟ್ಟ ಮೀಡಿಯಂ ವೇವ್ ರೇಡಿಯೊವನ್ನು ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ ಒಂದೊಂದು ಅಡಾಪ್ಟರಿನ ಹತ್ತಿರ ಒಯ್ಯಿರಿ. ಯಾವುದು ರೇಡಿಯೊದಲ್ಲಿ ಜೋರಾಗಿ ಅರಚುತ್ತದೋ ಅದನ್ನು ಬೇರೆ ಕೋಣೆಯ ಸಾಕೆಟ್ಟಿಗೆ ಸಾಗಿಸಿ. ಫೆರೈಟ್ ಕ್ಲಿಪ್ (ವೈರಿನಲ್ಲಿ ಬರುವ ಇಂಥ ಸದ್ದು ತಡೆಯುವ ಕಪ್ಪು ಉಂಗುರ) ಹಾಕುವುದಾದರೆ ಅಡಾಪ್ಟರಿನ ಡಿಸಿ ವೈರಿಗೆ, ಡ್ಯಾಕಿನ ತುದಿಯಲ್ಲಿ ಹಾಕಿ. ವೈರನ್ನು ಅದರೊಳಗೆ ಮೂರು ಸುತ್ತು ಸುತ್ತಿದರೆ ತಡೆ ಮೂರಲ್ಲ, ಸುಮಾರು ಒಂಬತ್ತು ಪಟ್ಟಾಗುತ್ತದೆ.

ಶೀಲ್ಡ್ ಕಾರ್ಡ್, ಅಂದರೆ ಎಳೆಗಳ ಸುತ್ತ ಲೋಹದ ಹೊದಿಕೆ ಇರುವ ಕಾರ್ಡ್, ಕೆಟ್ಟದ್ದಲ್ಲ. ದೂರ ಇಡಲು ಜಾಗವೇ ಇಲ್ಲದ ಕಪಾಟಿನಲ್ಲಿ, ಅದೂ ರೆಕಾರ್ಡ್ ಪ್ಲೇಯರಿನ ಕೇಬಲ್ ಪಕ್ಕದಲ್ಲಿ ಉಪಯೋಗಕ್ಕೆ ಬರುತ್ತದೆ. ಶೀಲ್ಡ್ ಪ್ಲಗ್ಗಿನ ತುದಿಯಲ್ಲಿ ಮಾತ್ರ ಅರ್ತಿಗೆ ಸೇರಿರಬೇಕು.

ದುಬಾರಿ ಕಾರ್ಡ್ ಹಾಕಿದ ಮೇಲೆ ಧ್ವನಿ ಬಿಚ್ಚಿಕೊಂಡಿತು ಅನಿಸಿತು. ನನ್ನ ಕಿವಿ ಸುಳ್ಳು ಹೇಳುತ್ತದೆಯೆ?
— ಓದುಗರು, ಮೀರಜ

ಅನಿಸಿದ್ದು ಸುಳ್ಳಲ್ಲ. ಆದರೆ ಅನಿಸಿದ್ದಕ್ಕೆ ಕಾರಣ ಕಾರ್ಡೇ ಎಂಬುದನ್ನು ನೀವೇ ಪರೀಕ್ಷಿಸಬಹುದು. ಕಾರ್ಡ್ ಬದಲಿಸಲು ಪ್ಲೇಯರ್ ಆರಿಸಿ ಮತ್ತೆ ಹಚ್ಚುವಷ್ಟರಲ್ಲಿ ಒಂದು ನಿಮಿಷ ಹೋಗುತ್ತದೆ, ವಾಲ್ಯೂಮ್ ಒಂದು ಕೂದಲು ಹೆಚ್ಚಾದರೂ ಹೊಸದೇ ಮೇಲು ಅನಿಸುತ್ತದೆ. ಮನೆಯವರೊಬ್ಬರಿಗೆ ಹೇಳಿ, ನಾಣ್ಯ ಚಿಮ್ಮಿ ಯಾವ ಕಾರ್ಡ್ ಹಾಕುವುದೆಂದು ತೀರ್ಮಾನಿಸಿ ಬರೆದಿಡಲಿ. ನೀವು ನೋಡದೆ, ವಾಲ್ಯೂಮ್ ಮುಟ್ಟದೆ, ಹಾಡಿನ ಅದೇ ಎರಡು ನಿಮಿಷ ಕೇಳಿ ಉತ್ತರ ಬರೆಯಿರಿ. 16 ಸಲ ಮಾಡಿ. ಬರಿ ಊಹೆಯಲ್ಲಿ 12 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕು. ಅಷ್ಟು ಬಂದರೆ ನಿಜಕ್ಕೂ ವ್ಯತ್ಯಾಸ ಇದೆ ಎಂದು ನಂಬಿ, ಕಾರಣ ಹುಡುಕಿ. ಹಳೆಯ ಕಾರ್ಡಿನ ಅರ್ತ್ ಕಡಿದಿತ್ತೇ, ಪಿನ್ ಸಡಿಲಿತ್ತೇ ಎಂದು ಮೊದಲು ನೋಡಿ.

ಇನ್ವರ್ಟರ್ ಮೇಲೆ ಡ್ಯಾಕ್ ಓಡಿಸಬಹುದೇ?
— ಓದುಗರು, ತಾಳವಾಡಿ

ಶುದ್ಧ ಸೈನ್ ವೇವ್ ಇನ್ವರ್ಟರ್ ಆದರೆ ಧಾರಾಳವಾಗಿ. ಸ್ಕ್ವೇರ್ ವೇವ್ ಆದರೆ ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆಗಳು ಗುಂಯ್ಗುಟ್ಟುತ್ತವೆ; ಕರೆಂಟು ಬರುವ ತನಕ ಆರಿಸಿಡಿ.

ನಾನೇ ಕಾರ್ಡ್ ಮಾಡಿಕೊಳ್ಳಬೇಕೆಂದಿದ್ದೇನೆ. ಏನೇನು ಬೇಕು, ಹೇಗೆ?
— ಓದುಗರು, ಮಡಕಶಿರಾ

ಮೂರೆಳೆಯ 1.0 ಸ್ಕ್ವೇರ್ ಎಂಎಂ ಎಳೆತಂತಿ ಒಂದೂವರೆ ಮೀಟರ್, ಗಟ್ಟಿ ಹಿತ್ತಾಳೆ ಪಿನ್ನಿನ 6 ಆಂಪಿಯರ್ ಪ್ಲಗ್ ಟಾಪ್, ಸ್ಕ್ರೂ ಇರುವ ಸಿ-13 ಕನೆಕ್ಟರ್, 1.0ರ ಅಳತೆಯ ಆರು ಫೆರೂಲ್ (ಎಳೆಗಳ ತುದಿಗೆ ಹಾಕಿ ಅಮುಕುವ ಪುಟ್ಟ ತೋಳು).

ಹೊರಸಿಪ್ಪೆ 35 ಮಿಲಿಮೀಟರ್ ಬಿಡಿಸಿ, ಒಳಗಿನ ಎಳೆಗಳಿಗೆ ಕತ್ತರಿ ತಾಗಬಾರದು. ಅರ್ತಿನ ಹಸಿರು-ಹಳದಿ ಎಳೆಯನ್ನು ಉಳಿದೆರಡಕ್ಕಿಂತ 10 ಮಿಲಿಮೀಟರ್ ಉದ್ದ ಬಿಡಿ. ಕಾರ್ಡನ್ನು ಯಾರಾದರೂ ಎಳೆದರೆ ಕೊನೆಗೆ ಕಡಿಯಬೇಕಾದ್ದು ಅರ್ತ್. ತುದಿ 8 ಮಿಲಿಮೀಟರ್ ಸುಲಿದು ಫೆರೂಲ್ ಹಾಕಿ ಅಮುಕಿ. ತುದಿಗೆ ಸೋಲ್ಡರ್ ತುಂಬಬೇಡಿ. ಹಲವರು ಒಳ್ಳೆಯದೆಂದುಕೊಂಡು ಮಾಡುವ ತಪ್ಪು ಇದು. ಸೋಲ್ಡರ್ ಮೆತ್ತನೆಯ ಲೋಹ, ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಜರುಗಿ ತಿಂಗಳುಗಳಲ್ಲಿ ಸಡಿಲಾಗುತ್ತದೆ, ಬಿಸಿಯಾಗುತ್ತದೆ. ಕಂದು ಎಳೆ ಎಲ್‌ಗೆ, ನೀಲಿ ಎನ್‌ಗೆ, ಎರಡೂ ತುದಿಯಲ್ಲಿ ಗುರುತು ನೋಡಿಯೇ ಹಾಕಿ. ಮನೆಯ ಮೂರು ಫೇಸ್ ವೈರಿಂಗಿನಲ್ಲಿ ನೀಲಿ ಎಂದರೆ ಒಂದು ಫೇಸ್. ಆ ಅಭ್ಯಾಸದಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಕಾರ್ಡಿನ ಹಿಡಿಕೆ ಹೊರಸಿಪ್ಪೆಯನ್ನು ಕಚ್ಚಬೇಕು, ಒಳಗಿನ ಎಳೆಗಳನ್ನಲ್ಲ. ಮುಚ್ಚಿದ ಮೇಲೆ ಚೆನ್ನಾಗಿ ಜಗ್ಗಿ ನೋಡಿ, ಆಮೇಲೆ ಮೀಟರ್ ಹಿಡಿಯಿರಿ: ಎಲ್-ಎಲ್, ಎನ್-ಎನ್, ಅರ್ತ್-ಅರ್ತ್ ಕೂಗಬೇಕು, ಬೇರೆ ಯಾವ ಜೋಡಿಯೂ ಕೂಗಬಾರದು.

ಗೋಡೆಯ ಸಾಕೆಟ್ಟನ್ನೂ ಟೆಸ್ಟರಿನಿಂದ ನೋಡಿ. ಎದುರಿಗೆ ನಿಂತರೆ ಮೇಲೆ ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇರಬೇಕು. ಅದಲುಬದಲಾಗಿದ್ದರೆ ಪ್ಲೇಯರಿನ ಸ್ವಿಚ್ಚೂ ಫ್ಯೂಸೂ ನ್ಯೂಟ್ರಲಿಗೆ ಬೀಳುತ್ತವೆ, ಆರಿಸಿದರೂ ಒಳಗೆ ಫೇಸ್ ಉಳಿದಿರುತ್ತದೆ.

ಸಿಡಿಲಿಗೆ ಹೋದ ವರ್ಷ ಡ್ಯಾಕ್ ಸುಟ್ಟಿತು. ಸ್ಪೈಕ್ ಬಸ್ಟರ್ ಇತ್ತು. ಇನ್ನೇನು ಮಾಡುವುದು?
— ಓದುಗರು, ಕಾಸರಗೋಡು

ಸ್ಪೈಕ್ ಬಸ್ಟರಿನೊಳಗಿರುವುದು ಎಂಒವಿ ಎಂಬ, ವೋಲ್ಟೇಜ್ ವಿಪರೀತ ಏರಿದಾಗ ಅದನ್ನು ತಾನು ನುಂಗುವ ಬಿಲ್ಲೆ. ಪ್ರತಿ ಹೊಡೆತಕ್ಕೂ ಅದು ಸವೆಯುತ್ತದೆ, ಸತ್ತ ಮೇಲೂ ಬೋರ್ಡಿನಲ್ಲಿ ಕರೆಂಟು ಬರುತ್ತಲೇ ಇರುತ್ತದೆ. 'ರಕ್ಷಣೆ ಇದೆ' ಎಂದು ತೋರಿಸುವ ದೀಪ ಆರಿದ್ದರೆ ಬೋರ್ಡ್ ಬದಲಿಸಿ. ಅರ್ತ್ ಇಲ್ಲದ ಸಾಕೆಟ್ಟಿನಲ್ಲಿ ಅದು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಮೀಟರ್ ಪಕ್ಕದ ಬೋರ್ಡಿನಲ್ಲಿ ಟೈಪ್-2 ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ಮನೆಗೆಲ್ಲ ಮೊದಲ ಬೇಲಿ. ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಮನೆಗೆ 400 ವೋಲ್ಟಿನವರೆಗೆ ನುಗ್ಗಬಹುದು. ಎಂಒವಿ ಅದನ್ನು ತಡೆಯಲಾರದು, ಸುಟ್ಟುಹೋಗುತ್ತದೆ. ಅದಕ್ಕೆ ಹೆಚ್ಚು-ಕಡಿಮೆ ವೋಲ್ಟೇಜಿಗೆ ಕಡಿಯುವ ರಿಲೇ ಬೇಕು.

ಇಷ್ಟಾದರೂ ನೇರ ಸಿಡಿಲಿಗೆ ಉತ್ತರ ಒಂದೇ: ಪ್ಲಗ್ ಕಿತ್ತಿಡುವುದು. ಪತ್ತನಾಜೆಯ (ಮೇ ಕೊನೆ) ಮೊದಲಿನ ಗುಡುಗು ಮಳೆಗೂ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಗಳಿಗೂ ಇದು ಅಭ್ಯಾಸವಾಗಲಿ. ಬರಿ ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನೊಳಗಿನ ಎರಡು ಮಿಲಿಮೀಟರ್ ಸಂದನ್ನು ಸಿಡಿಲು ಲೆಕ್ಕಕ್ಕೇ ತೆಗೆದುಕೊಳ್ಳದು. ಪವರ್ ಪ್ಲಗ್ ಜೊತೆಗೆ ಟಿವಿ ಕೇಬಲನ್ನೂ ನೆಟ್‌ವರ್ಕ್ ವೈರನ್ನೂ ಬಿಚ್ಚಿ. ಎಷ್ಟೋ ಡ್ಯಾಕುಗಳು ಸುಡುವುದು ಆ ದಾರಿಯಿಂದ. ಆದ್ದರಿಂದ ನಿಮ್ಮ ಊರಿನಲ್ಲಿ ಕಾರ್ಡ್ ಕೊಳ್ಳುವಾಗ ಕಪಾಟು ಎಳೆಯದೆ ಕೈಗೆ ಸಿಗುವ ಸಾಕೆಟ್ಟಿಗೆ ತಲುಪುವಷ್ಟು ಉದ್ದ, ವೈರ್ ಹಿಡಿಯದೆ ಕೀಳಲು ಬರುವಂಥ ಹಿಡಿಕೆಯ ಪ್ಲಗ್, ಇವೆರಡನ್ನು ಮೊದಲು ನೋಡಿ. ವರ್ಷಕ್ಕೊಮ್ಮೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ. ಮಳೆ ನಿಂತು ಕರೆಂಟು ಬಂದ ಮೇಲೆ ಐದು ನಿಮಿಷ ತಡೆದು, ಮೊದಲು ಡ್ಯಾಕ್, ಆಮೇಲೆ ಪ್ಲೇಯರ್, ಕೊನೆಗೆ ಆಂಪ್ಲಿಫೈಯರ್ ಹಚ್ಚಿ.